ಕಣ್ಣೀರಿಡುವ ಮಕ್ಕಳು, ಕಾಣಲೊಲ್ಲದ ಹಿರಿಯರು

(ಹೆತ್ತವರು ಮತ್ತು ಶಿಕ್ಷಕರ ಓದುಗೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



1960ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಇಬ್ಬರು ಪುಟ್ಟ ಬಾಲಕಿಯರ ಪರಿಚಯ ಜಗತ್ತಿಗಾಯಿತು. ಒಬ್ಬಳು ಅಲಬಾಮಾದ ಸ್ಕೌಟ್. ಆ ವರ್ಷದ ಜುಲೈ 11ರಂದು ಪ್ರಕಟವಾದ, ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯ ನಿರೂಪಕಿ ಆಕೆ. ಕಥೆ ಆರಂಭವಾಗುವಾಗ ಅವಳಿಗೆ ಇನ್ನೂ ಆರು ವರ್ಷ ತುಂಬಿರುವುದಿಲ್ಲ. ಇನ್ನೊಬ್ಬಳು ರೂಬಿ ಬ್ರಿಡ್ಜಸ್. ಈಕೆ ಕಥೆಯ ಹುಡುಗಿಯಲ್ಲ. ಅದೇ ವರ್ಷದ ನವೆಂಬರ್ 14ರಂದು ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಅಲ್ಲಿಯವರೆಗೆ ಬಿಳಿಯರ ಮಕ್ಕಳಿಗಷ್ಟೇ ಮೀಸಲಾಗಿದ್ದ ಪ್ರಾಥಮಿಕ ಶಾಲೆಗೆ ಆರು ವರ್ಷದ ಈ ಕರಿಯ ಬಾಲಕಿ ಕಾಲಿಟ್ಟಳು. ಕೇಂದ್ರ ಸರಕಾರದ ಮಾರ್ಷಲ್‌ಗಳು ಅವಳ ಹಿಂದೆ ಮುಂದೆ ನಡೆಯುತ್ತಿದ್ದರು. ಶಾಲೆಯ ಹೊರಗೆ ನೆರೆದಿದ್ದ ಗಂಡಸರೂ ಹೆಂಗಸರೂ ಅವಳನ್ನು ಬೈಯುತ್ತಿದ್ದರು. ಬಿಳಿಯ ಹೆತ್ತವರು ತಮ್ಮ ಮಕ್ಕಳನ್ನು ಶಾಲೆಯಿಂದ ಕರೆದೊಯ್ದರು. ಬಾರ್ಬರಾ ಹೆನ್ರಿ ಎಂಬ ಅಧ್ಯಾಪಿಕೆ ಆ ವರ್ಷವಿಡೀ ಖಾಲಿ ತರಗತಿಯಲ್ಲಿ ರೂಬಿ ಒಬ್ಬಳಿಗೇ ಪಾಠ ಹೇಳಿದರು.

ಈ ಇಬ್ಬರನ್ನು ಒಟ್ಟಿಗೆ ನೆನೆಯುವುದಕ್ಕೆ ಕಾರಣವಿದೆ. ಸ್ಕೌಟ್‌ಳ ಕಥೆಯನ್ನು ಓದಿದವರೆಲ್ಲರೂ ಅದನ್ನು ಬಾಲ್ಯದ ಮುಗ್ಧತೆಯ ಕಥೆಯೆಂದು ಕೊಂಡಾಡುತ್ತಾರೆ. ತನ್ನ ಸುತ್ತಲಿನ ಅನ್ಯಾಯವನ್ನು ಅರಿಯದ ಒಂದು ಮಗು ಮೂರು ವರ್ಷಗಳ ಅವಧಿಯಲ್ಲಿ ಅದನ್ನು ಅರಿಯುತ್ತಾ ಬೆಳೆಯುತ್ತದೆ. ಆದರೆ ಅನ್ಯಾಯವನ್ನು ಅರಿಯದೆ ಆರು ವರ್ಷ ಕಳೆಯುವ ಅವಕಾಶ ರೂಬಿಗೆ ಇತ್ತೇ? ಬಿಳಿಯ ವಕೀಲನ ಮಗಳಿಗೆ ಆ ಅವಕಾಶ ಇತ್ತು. ಕರಿಯ ಕಾರ್ಮಿಕನ ಮಗಳಿಗೆ ಇರಲಿಲ್ಲ. ಹಾಗಾದರೆ ನಾವು ಮುಗ್ಧತೆ ಎಂದು ಕರೆಯುವುದು ಯಾವುದನ್ನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ಈ ಕಾದಂಬರಿಯನ್ನು ತೆರೆಯೋಣ.

ಹಾರ್ಪರ್ ಲೀ ಹುಟ್ಟಿದ್ದು 1926ರಲ್ಲಿ, ಅಲಬಾಮಾದ ಮನ್ರೋವಿಲ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಅಮಾಸಾ ಕೋಲ್ಮನ್ ಲೀ ವಕೀಲರು. ಸ್ಥಳೀಯ ಪತ್ರಿಕೆಯ ಸಂಪಾದಕರೂ ರಾಜ್ಯ ಶಾಸನಸಭೆಯ ಸದಸ್ಯರೂ ಆಗಿದ್ದವರು. ಕೊಲೆ ಆರೋಪಕ್ಕೊಳಗಾದ ಇಬ್ಬರು ಕರಿಯರ ಪರವಾಗಿ ಅವರು 1919ರಲ್ಲಿ ವಾದಿಸಿದರು, ಸೋತರು, ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಕಾದಂಬರಿಯಲ್ಲಿ ಬರುವ ನೆರೆಮನೆಯ ಹುಡುಗ ಡಿಲ್‌ನ ಪಾತ್ರಕ್ಕೆ ಮಾದರಿಯಾದವರು ಲೇಖಕಿಯ ಬಾಲ್ಯದ ಗೆಳೆಯ, ಮುಂದೆ ಪ್ರಸಿದ್ಧ ಸಾಹಿತಿಯಾದ ಟ್ರೂಮನ್ ಕಪೋಟಿ. ನ್ಯೂಯಾರ್ಕ್‌ನಲ್ಲಿ ವಿಮಾನ ಕಂಪೆನಿಯೊಂದರ ಟಿಕೆಟ್ ವಿಭಾಗದಲ್ಲಿ ದುಡಿಯುತ್ತಿದ್ದ ಲೀ ಅವರಿಗೆ 1956ರ ಕ್ರಿಸ್ಮಸ್ ದಿನ ಸ್ನೇಹಿತರು ಒಂದು ವರ್ಷದ ಸಂಬಳಕ್ಕೆ ಸಮನಾದ ಹಣವನ್ನು ಕೊಟ್ಟು, ಕೆಲಸ ಬಿಟ್ಟು ಬರೆಯಿರಿ ಎಂದರು. ಇಂತಹ ಉಡುಗೊರೆ ಕೊಡುವ ಸ್ನೇಹಿತರು ಎಲ್ಲ ಲೇಖಕರಿಗೂ ಸಿಗಲಿ! ಕಾದಂಬರಿಗೆ 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 1962ರಲ್ಲಿ ಚಲನಚಿತ್ರವೂ ಬಂತು.

ಕಥೆ ನಡೆಯುವುದು 1933ರಿಂದ 1935ರವರೆಗೆ, ಮೇಕಾಂಬ್ ಎಂಬ ಕಲ್ಪಿತ ಊರಿನಲ್ಲಿ. ತಾಯಿಯಿಲ್ಲದ ಸ್ಕೌಟ್ ಮತ್ತು ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಜೆಮ್ ಇವರನ್ನು ತಂದೆ ಆಟಿಕಸ್ ಫಿಂಚ್ ಮತ್ತು ಕ್ಯಾಲ್‌ಪರ್ನಿಯಾ ಎಂಬ ಕರಿಯ ಅಡುಗೆಯಾಕೆ ಸಾಕುತ್ತಾರೆ. ಟಾಮ್ ರಾಬಿನ್ಸನ್ ಎಂಬ ಕರಿಯ ಕೂಲಿಗಾರನ ಮೇಲೆ ಬಿಳಿಯ ಯುವತಿ ಮಯೆಲ್ಲಾ ಯೂವೆಲ್ ಅತ್ಯಾಚಾರದ ಆರೋಪ ಹೊರಿಸುತ್ತಾಳೆ. ಅವನ ಪರವಾಗಿ ವಾದಿಸುವ ಹೊಣೆ ಆಟಿಕಸ್‌ಗೆ ಬೀಳುತ್ತದೆ. ಕಥೆಯ ಬೆನ್ನೆಲುಬು ಇಷ್ಟೇ.

ಮಕ್ಕಳು ಹುಟ್ಟಾ ನಿಷ್ಪಕ್ಷಪಾತಿಗಳು, ಪೂರ್ವಾಗ್ರಹವು ಅವರಿಗೆ ದೊಡ್ಡವರಿಂದಷ್ಟೇ ಅಂಟುತ್ತದೆ ಎಂದು ನಾವು ನಂಬುತ್ತೇವೆ. ಈ ಕಾದಂಬರಿ ಅಷ್ಟು ಸುಲಭವಾಗಿ ಅದನ್ನು ಒಪ್ಪುವುದಿಲ್ಲ. ಆರಂಭದ ಅಧ್ಯಾಯಗಳಲ್ಲಿ ಸ್ಕೌಟ್, ಜೆಮ್ ಮತ್ತು ಡಿಲ್ ಮೂವರೂ ಸೇರಿ ಆಡುವ ಆಟ ಯಾವುದು? ಮನೆಯಿಂದ ಹೊರಗೆ ಬಾರದ ಬೂ ರ್‍ಯಾಡ್ಲಿ ಎಂಬ ನೆರೆಯವನನ್ನು ರಾಕ್ಷಸನಂತೆ ಚಿತ್ರಿಸಿ, ಅವನ ಬದುಕನ್ನು ಬೀದಿಯಲ್ಲಿ ನಾಟಕವಾಡುವುದು. ಅವನು ಅಳಿಲುಗಳನ್ನು ಹಸಿಯಾಗಿ ತಿನ್ನುತ್ತಾನೆಂಬ ವದಂತಿಯನ್ನು ಅವರು ಆನಂದದಿಂದ ನಂಬುತ್ತಾರೆ. ಕಾಣದವನ ಬಗ್ಗೆ ಕೇಳಿದ್ದನ್ನೆಲ್ಲ ನಂಬುವ ಈ ಆಟವೇ ದೊಡ್ಡವರ ಲೋಕದಲ್ಲಿ ಟಾಮ್ ರಾಬಿನ್ಸನ್‌ನ ಪ್ರಾಣ ತೆಗೆಯುತ್ತದೆ. ಬೀದಿಯ ಆಟಕ್ಕೂ ನ್ಯಾಯಾಲಯದ ತೀರ್ಪಿಗೂ ಇರುವ ಈ ನಂಟನ್ನು ಲೇಖಕಿ ಬಾಯಿಬಿಟ್ಟು ಹೇಳುವುದಿಲ್ಲ.

ಮಕ್ಕಳು ಆಟ ಬಿಡುವುದು ಉಪದೇಶದಿಂದಲ್ಲ. ರ್‍ಯಾಡ್ಲಿಯವರ ಮನೆಯಂಚಿನ ಮರದ ಪೊಟರೆಯಲ್ಲಿ ಅವರಿಗೆ ಒಂದೊಂದೇ ವಸ್ತುಗಳು ಸಿಗತೊಡಗುತ್ತವೆ. ಚೂಯಿಂಗ್ ಗಮ್, ಹಳೆಯ ನಾಣ್ಯಗಳು, ಸಾಬೂನಿನಲ್ಲಿ ಕೆತ್ತಿದ ಎರಡು ಬೊಂಬೆಗಳು, ಕೆಟ್ಟುಹೋದ ಗಡಿಯಾರ. ಮಕ್ಕಳು ಕೃತಜ್ಞತೆಯ ಪತ್ರ ಬರೆದು ಇಡಲು ಹೋದಾಗ ಆ ಪೊಟರೆಗೆ ಸಿಮೆಂಟ್ ತುಂಬಿಸಲಾಗಿರುತ್ತದೆ. ಮರಕ್ಕೆ ರೋಗ ಬಂದಿದೆಯೆಂದು ಬೂ ಅವರ ಅಣ್ಣ ನೆಪ ಹೇಳುತ್ತಾನೆ. ಮರ ಆರೋಗ್ಯವಾಗಿದೆಯೆಂದು ತಂದೆಯಿಂದ ತಿಳಿದ ಜೆಮ್ ಅಂದು ಸಂಜೆ ಮನೆಯ ಮುಂಜಗಲಿಯಲ್ಲಿ ಒಬ್ಬನೇ ನಿಂತು ಅಳುತ್ತಾನೆ. ಒಬ್ಬ ಮನುಷ್ಯ ಇನ್ನೊಬ್ಬರತ್ತ ಚಾಚಿದ ಕೈಯನ್ನು ಬೇಕೆಂದೇ ಮುಚ್ಚಿಬಿಡಲಾಗಿದೆಯೆಂಬುದು ಅವನಿಗೆ ಅರ್ಥವಾಗಿದೆ. ತಂಗಿಗೆ ಇನ್ನೂ ಅರ್ಥವಾಗಿಲ್ಲ. ನೈತಿಕ ಬೆಳವಣಿಗೆಯೆಂಬುದು ಒಂದೇ ಮನೆಯ ಇಬ್ಬರು ಮಕ್ಕಳಲ್ಲೂ ಒಂದೇ ವೇಗದಲ್ಲಿ ನಡೆಯುವುದಿಲ್ಲವೆಂಬುದನ್ನು ಹೆತ್ತವರಾದ ನಾವು ಇಲ್ಲಿ ಗಮನಿಸಬೇಕು.

ಆಟಿಕಸ್ ಮಕ್ಕಳೊಂದಿಗೆ ನಡೆದುಕೊಳ್ಳುವ ರೀತಿಯ ಬಗ್ಗೆ ಬಹಳಷ್ಟು ಬರೆಯಲಾಗಿದೆ. ಇನ್ನೊಬ್ಬರ ಸ್ಥಾನದಲ್ಲಿ ನಿಂತು ನೋಡಬೇಕೆಂದು ಆತ ಮಗಳಿಗೆ ಹೇಳುವ ಮಾತಂತೂ ಶಾಲೆಗಳ ಗೋಡೆಬರಹವಾಗಿಬಿಟ್ಟಿದೆ. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆತನ ಇನ್ನೊಂದು ಅಭ್ಯಾಸ. ಮಕ್ಕಳು ಪ್ರಶ್ನೆ ಕೇಳಿದರೆ ಆತ ಉತ್ತರಿಸುತ್ತಾನೆ. ಅತ್ಯಾಚಾರವೆಂದರೇನು ಎಂದು ಸ್ಕೌಟ್ ಕ್ಯಾಲ್‌ಪರ್ನಿಯಾಳನ್ನು ಕೇಳುತ್ತಾಳೆ. ಆಕೆ ತಂದೆಯ ಬಳಿ ಕಳುಹಿಸುತ್ತಾಳೆ. ತಂದೆ ಗದರುವುದಿಲ್ಲ, ನಗುವುದಿಲ್ಲ, ಕಾನೂನಿನ ಭಾಷೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾನೆ. ಆ ವಾಕ್ಯ ಮಗುವಿಗೆ ಅರ್ಥವಾಗಿರಲಾರದು. ಆದರೆ ಈ ಮನೆಯಲ್ಲಿ ಕೇಳಬಾರದ ಪ್ರಶ್ನೆಯೆಂಬುದಿಲ್ಲ ಎಂಬುದು ಅವಳಿಗೆ ಅರ್ಥವಾಯಿತು. ಮಕ್ಕಳ ಮುಗ್ಧತೆಯನ್ನು ಕಾಪಾಡುತ್ತೇವೆಂದು ಹೇಳುತ್ತಾ ನಾವು ಎಷ್ಟೋ ಬಾರಿ ಕಾಪಾಡುವುದು ನಮ್ಮ ಮುಜುಗರವನ್ನು.

ಇನ್ನು ಸೆರೆಮನೆಯ ಮುಂದಿನ ಆ ರಾತ್ರಿ. ಟಾಮ್‌ನನ್ನು ಹೊರಗೆಳೆದು ಕೊಲ್ಲಲು ಗುಂಪು ಬಂದಿದೆ. ಬಾಗಿಲಲ್ಲಿ ಆಟಿಕಸ್ ಒಬ್ಬನೇ ಕುಳಿತಿದ್ದಾನೆ. ಏನೂ ತಿಳಿಯದ ಸ್ಕೌಟ್ ಗುಂಪಿನೊಳಗೆ ನುಗ್ಗಿ, ಪರಿಚಯದ ಮುಖವೊಂದನ್ನು ಕಂಡು ಮಾತಿಗಾರಂಭಿಸುತ್ತಾಳೆ. ಅವನು ವಾಲ್ಟರ್ ಕನ್ನಿಂಗ್‌ಹ್ಯಾಮ್ ಎಂಬ ಬಡ ರೈತ. ನಿಮ್ಮ ಮಗ ನನ್ನ ಸಹಪಾಠಿ, ಅವನು ಒಳ್ಳೆಯ ಹುಡುಗ, ನಿಮ್ಮ ಜಮೀನಿನ ವ್ಯಾಜ್ಯ ಎಲ್ಲಿಗೆ ಬಂತು ಎಂದೆಲ್ಲ ಅವಳು ವಿಚಾರಿಸುತ್ತಾಳೆ. ಆ ಮನುಷ್ಯ ಅವಳ ಎತ್ತರಕ್ಕೆ ಬಗ್ಗಿ ಉತ್ತರ ಕೊಟ್ಟು, ಗುಂಪನ್ನು ಕರೆದುಕೊಂಡು ಹೊರಟುಹೋಗುತ್ತಾನೆ. ಈ ದೃಶ್ಯವನ್ನು ಓದಿ ಕಣ್ಣು ತೇವವಾಗದವರು ವಿರಳ. ಮುಗ್ಧತೆಯ ಶಕ್ತಿಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೆ ಎಂದು ಅನೇಕರು ಇಲ್ಲಿಗೇ ಪುಸ್ತಕ ಮುಚ್ಚಿದಂತೆ ಮಾತನಾಡುತ್ತಾರೆ. ಆದರೆ ಮುಂದಿನ ಪುಟಗಳೂ ಇವೆ. ಗುಂಪಿನಲ್ಲಿ ಹೆಸರಿಲ್ಲದೆ ನಿಂತಿದ್ದವನನ್ನು ಹೆಸರು ಹಿಡಿದು ಕರೆದಾಗ ಅವನು ಮನುಷ್ಯನಾದ. ನ್ಯಾಯಾಲಯದ ಕಟಕಟೆಯಾಚೆ ಕುಳಿತ ಹನ್ನೆರಡು ಮಂದಿ ಜ್ಯೂರಿಗಳು ಗುಂಪಾಗಿ ಬಂದವರಲ್ಲ. ಅವರನ್ನು ಕಾನೂನೇ ಕರೆಸಿತ್ತು. ಅವರ ಮೇಲೆ ಮಗುವಿನ ಮಾತು ಯಾವ ಕೆಲಸವನ್ನೂ ಮಾಡಲಾರದು. ಒಂದು ರಾತ್ರಿಯ ಹತ್ಯೆಯನ್ನು ಮುಗ್ಧತೆ ತಡೆಯಿತು. ಹಗಲಿನಲ್ಲಿ ವಿಧಿವತ್ತಾಗಿ ನಡೆದ ಅನ್ಯಾಯವನ್ನು ತಡೆಯಲು ಅದರಿಂದಾಗಲಿಲ್ಲ.

ಆ ಜ್ಯೂರಿಯಲ್ಲಿ ಕರಿಯರಿರಲಿಲ್ಲ. ಹೆಂಗಸರೂ ಇರಲಿಲ್ಲ. ಅಲಬಾಮಾದಲ್ಲಿ ಮಹಿಳೆಯರು ಜ್ಯೂರಿಯಾಗುವುದಕ್ಕಿದ್ದ ನಿಷೇಧವನ್ನು ಕೇಂದ್ರ ನ್ಯಾಯಾಲಯ ರದ್ದುಗೊಳಿಸಿದ್ದು 1966ರಲ್ಲಿ, ಅಂದರೆ ಈ ಪುಸ್ತಕ ಬಂದು ಆರು ವರ್ಷಗಳ ನಂತರ.

ವಿಚಾರಣೆಯ ವೇಳೆ ಸತ್ಯವು ಎಲ್ಲರ ಕಣ್ಣಮುಂದೆ ಬರುತ್ತದೆ. ಮಯೆಲ್ಲಾಳ ಮುಖದ ಬಲಭಾಗಕ್ಕೆ ಪೆಟ್ಟಾಗಿತ್ತು. ಹೊಡೆದವನು ಎಡಚನಾಗಿರುವ ಸಂಭವ ಹೆಚ್ಚು. ಟಾಮ್‌ನ ಎಡಗೈ ಅವನು ಬಾಲಕನಾಗಿದ್ದಾಗಲೇ ಹತ್ತಿಯ ಯಂತ್ರಕ್ಕೆ ಸಿಲುಕಿ ನಿಷ್ಪ್ರಯೋಜಕವಾಗಿತ್ತು. ಮಯೆಲ್ಲಾಳ ತಂದೆ ಬಾಬ್ ಯೂವೆಲ್ ಎಡಗೈಯಲ್ಲಿ ಸಹಿ ಮಾಡುತ್ತಾನೆ. ಇನ್ನೇನು ಬೇಕು? ಆ ಯುವತಿಯ ಬಗ್ಗೆಯೂ ಕಾದಂಬರಿ ಕಠಿಣವಾಗಿಲ್ಲ. ಹತ್ತೊಂಬತ್ತರ ಆಕೆ ತಾಯಿಯಿಲ್ಲದ ತಮ್ಮ ತಂಗಿಯರನ್ನು ಸಾಕುತ್ತಾಳೆ. ಕುಡುಕ ತಂದೆಯ ಹೊಡೆತ ತಿನ್ನುತ್ತಾಳೆ. ಕಸದ ರಾಶಿಯ ಪಕ್ಕದ ಆ ಮನೆಯಂಗಳದಲ್ಲಿ ಕೆಂಪು ಹೂಗಳ ಕುಂಡಗಳನ್ನು ಜತನದಿಂದ ಬೆಳೆಸುತ್ತಾಳೆ. ಆಕೆಗೂ ಬಾಲ್ಯವಿರಲಿಲ್ಲ. ಆಟಿಕಸ್ ಆಕೆಯ ಮೇಲೆ ಕನಿಕರಪಡುತ್ತಾನೆ. ಆದರೆ ಒಬ್ಬನ ಪ್ರಾಣವನ್ನೇ ಪಣವಾಗಿಡುವಷ್ಟು ದೂರ ಆ ಕನಿಕರವನ್ನು ಒಯ್ಯಲು ಒಪ್ಪುವುದಿಲ್ಲ.

ಕನಿಕರದ ಮಾತು ಬಂದಾಗ ಟಾಮ್‌ನ ಸಾಕ್ಷ್ಯವನ್ನು ಮರೆಯಲಾಗದು. ಕೂಲಿಯಿಲ್ಲದೆ ಆ ಮನೆಯ ಕೆಲಸಗಳನ್ನು ಏಕೆ ಮಾಡಿಕೊಟ್ಟೆಯೆಂದು ಸರಕಾರಿ ವಕೀಲ ಗಿಲ್ಮರ್ ಕೇಳುತ್ತಾನೆ. ಆಕೆಯ ಬಗ್ಗೆ ಮರುಕವಾಯಿತೆಂದು ಟಾಮ್ ಉತ್ತರಿಸುತ್ತಾನೆ. ಹೇಳಿದ ಕ್ಷಣದಲ್ಲೇ ಅವನಿಗೆ ತನ್ನಿಂದ ಎಂತಹ ಅಪಚಾರವಾಯಿತೆಂಬುದು ತಿಳಿಯುತ್ತದೆ. ಆ ಸಭಾಂಗಣದಲ್ಲಿ ಕುಳಿತವರಿಗೆ ಅತ್ಯಾಚಾರದ ಆರೋಪಕ್ಕಿಂತಲೂ ಅಸಹನೀಯವಾದುದು ಒಬ್ಬ ಕರಿಯನು ಬಿಳಿಯಳ ಮೇಲೆ ಮರುಕ ತೋರಿದ್ದು. ಏಕೆಂದರೆ ಮರುಕವೆಂಬುದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಬೇಕೆಂಬುದು ಅವರ ವ್ಯವಸ್ಥೆ.

ಅದೇ ಹೊತ್ತಿನಲ್ಲಿ, ಕರಿಯರಿಗೆ ಮೀಸಲಾದ ಮೇಲಂತಸ್ತಿನ ಸಾಲಿನಲ್ಲಿ ಕುಳಿತಿದ್ದ ಪುಟ್ಟ ಡಿಲ್ ಅಳತೊಡಗುತ್ತಾನೆ. ಸಾಕ್ಷ್ಯದ ವಿವರ ಅವನಿಗೆ ಮುಖ್ಯವಾಗಿರಲಿಲ್ಲ. ಗಿಲ್ಮರ್ ಆ ಮನುಷ್ಯನನ್ನು ಮಾತನಾಡಿಸಿದ ರೀತಿಯನ್ನು ಅವನಿಂದ ಸಹಿಸಲಾಗಲಿಲ್ಲ. ಸ್ಕೌಟ್ ಅವನನ್ನು ಹೊರಗೆ ಕರೆತಂದು ಸಮಾಧಾನಪಡಿಸುತ್ತಾಳೆ. ಅವನೂ ಒಬ್ಬ ಕರಿಯ ತಾನೇ ಎಂಬ ಅರ್ಥದ ಮಾತು ಅವಳ ಬಾಯಿಂದಲೇ ಬರುತ್ತದೆ! ಓದುಗರು ಈ ಸಾಲನ್ನು ದಾಟಿಕೊಂಡು ಹೋಗುವುದೇ ಹೆಚ್ಚು. ನಮ್ಮ ಪ್ರಕಾರ ಲೇಖಕಿಯ ಪ್ರಾಮಾಣಿಕತೆ ಇರುವುದು ಇಲ್ಲಿ. ಆಟಿಕಸ್‌ನ ಮಗಳೇ ಆದರೂ ಊರಿನ ಗಾಳಿಯನ್ನು ಅವಳೂ ಉಸಿರಾಡಿದ್ದಾಳೆ. ಹೊರಗೆ ಮರದ ಕೆಳಗೆ ಡಾಲ್ಫಸ್ ರೇಮಂಡ್ ಎಂಬ ಬಿಳಿಯ ಜಮೀನುದಾರ ಅವರಿಗೆ ಸಿಗುತ್ತಾನೆ. ಕರಿಯರೊಂದಿಗೆ ಬಾಳುವ ಆತ ಕಾಗದದ ಚೀಲದಲ್ಲಿ ಕೋಕಾಕೋಲಾ ಇಟ್ಟುಕೊಂಡು ಕುಡುಕನಂತೆ ನಟಿಸುತ್ತಾನೆ. ಕುಡಿತದ ಅಮಲಿನಿಂದ ಹೀಗೆ ಬಾಳುತ್ತಿದ್ದಾನೆಂದುಕೊಂಡರೆ ಊರಿನವರಿಗೆ ಸಮಾಧಾನ. ಈ ಹುಡುಗ ಇನ್ನಷ್ಟು ಬೆಳೆದರೆ ಇಂತಹದ್ದನ್ನು ಕಂಡು ಅಳುವುದನ್ನು ಬಿಡುತ್ತಾನೆಂದು ಆತ ಡಿಲ್‌ನ ಬಗ್ಗೆ ಹೇಳುತ್ತಾನೆ. ನಾವು 'ಪ್ರೌಢತೆ' ಎಂದು ಕರೆಯುವ ವಸ್ತುವಿನ ಬಗ್ಗೆ ಇದಕ್ಕಿಂತ ಕಠೋರವಾದ ಮಾತನ್ನು ನಾವು ಬೇರೆಲ್ಲೂ ಓದಿಲ್ಲ.

ತೀರ್ಪು ಗಂಟೆಗಟ್ಟಲೆ ತಡವಾಗಿ, ರಾತ್ರಿ ಬರುತ್ತದೆ: ಅಪರಾಧಿ. ಆಟಿಕಸ್ ಹೊರನಡೆಯುವಾಗ ಮೇಲಂತಸ್ತಿನ ಕರಿಯರೆಲ್ಲರೂ ಮೌನವಾಗಿ ಎದ್ದು ನಿಲ್ಲುತ್ತಾರೆ. ಮನೆಗೆ ಮರಳುವ ದಾರಿಯಲ್ಲಿ ಜೆಮ್ ಕೋಪದಿಂದ ಅಳುತ್ತಾನೆ. ಇದು ಸರಿಯಲ್ಲ ಎಂಬುದಷ್ಟೇ ಅವನ ಮಾತು. ಆಮೇಲೊಮ್ಮೆ ಹರಿದಾಡುತ್ತಿದ್ದ ಒಂದು ಹುಳವನ್ನು ಸ್ಕೌಟ್ ಅದುಮಲು ಹೋದಾಗ ಅವನು ತಡೆಯುತ್ತಾನೆ. ಅದು ನಿನಗೇನು ಮಾಡಿತೆಂದು ಕೇಳುತ್ತಾನೆ. ಅವಳಿಗೆ ನಗು ಬರುತ್ತದೆ, ಅಣ್ಣ ಹುಡುಗಿಯರಂತಾಗುತ್ತಿದ್ದಾನೆ ಎನಿಸುತ್ತದೆ. ಅವನೊಳಗೆ ಏನು ನಡೆದಿದೆಯೆಂಬುದನ್ನು ಆ ವಯಸ್ಸಿನಲ್ಲಿ ಅವಳಿಂದ ಕಾಣಲಾಗದು. ಟಾಮ್‌ನನ್ನು ಆ ಬೇಸಿಗೆ ಮುಗಿಯುವ ಮೊದಲೇ ಸೆರೆಮನೆಯ ಆವರಣದಲ್ಲಿ, ಬೇಲಿ ಹತ್ತಿ ಓಡಿಹೋಗಲೆತ್ನಿಸಿದನೆಂದು, ಕಾವಲುಗಾರರು ಗುಂಡಿಕ್ಕಿ ಕೊಲ್ಲುತ್ತಾರೆ. ಹದಿನೇಳು ಗುಂಡುಗಳು.

ಈಗ ಇನ್ನೊಂದು ಬಗೆಯ ಮುಗ್ಧತೆಯತ್ತ ಬರೋಣ. ಸ್ಕೌಟ್‌ಳ ಮೂರನೆಯ ತರಗತಿಯ ಅಧ್ಯಾಪಿಕೆ ಮಿಸ್ ಗೇಟ್ಸ್. ಜರ್ಮನಿಯಲ್ಲಿ ಹಿಟ್ಲರನು ಯಹೂದಿಯರನ್ನು ಹಿಂಸಿಸುತ್ತಿರುವ ಸುದ್ದಿಯನ್ನು ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಓದುತ್ತಾನೆ. ಅಧ್ಯಾಪಿಕೆ ಹಲಗೆಯ ಮೇಲೆ 'ಪ್ರಜಾಪ್ರಭುತ್ವ' ಎಂದು ದೊಡ್ಡದಾಗಿ ಬರೆದು, ನಾವು ಅಮೆರಿಕನರು ಯಾರನ್ನೂ ಪೀಡಿಸುವುದಿಲ್ಲವೆಂದು ಕಣ್ಣಲ್ಲಿ ನೀರು ಬರುವಷ್ಟು ಕಳಕಳಿಯಿಂದ ವಿವರಿಸುತ್ತಾರೆ. ಟಾಮ್‌ನ ವಿಚಾರಣೆಯ ರಾತ್ರಿ ನ್ಯಾಯಾಲಯದ ಮೆಟ್ಟಿಲಿಳಿಯುತ್ತಾ, ಇವರಿಗೆ ಯಾರಾದರೂ ಬುದ್ಧಿ ಕಲಿಸಲೇಬೇಕಿತ್ತು, ಇವರು ಮಿತಿಮೀರಿದ್ದಾರೆಂದು ಕರಿಯರ ಬಗ್ಗೆ ಹೇಳಿದವರೂ ಇದೇ ಮಿಸ್ ಗೇಟ್ಸ್. ಸ್ಕೌಟ್ ಅದನ್ನು ಕೇಳಿಸಿಕೊಂಡಿದ್ದಳು. ಅಷ್ಟು ದೂರದ ಹಿಟ್ಲರನನ್ನು ದ್ವೇಷಿಸುವವರು ಹತ್ತಿರದವರ ಬಗ್ಗೆ ಹೀಗೆ ಹೇಗಿರಬಲ್ಲರೆಂದು ಅವಳು ಅಣ್ಣನನ್ನು ಕೇಳುತ್ತಾಳೆ. ಅಣ್ಣ ಉತ್ತರಿಸುವುದಿಲ್ಲ. ಆ ನ್ಯಾಯಾಲಯದ ಮಾತನ್ನೇ ಮತ್ತೆ ಎತ್ತಬೇಡವೆಂದು ಸಿಡಿದೇಳುತ್ತಾನೆ. ಅರಿವು ಮೂಡಿದ ಮಗು ತಕ್ಷಣ ಸೌಮ್ಯವಾಗುತ್ತದೆಯೆಂದು ಭಾವಿಸಬಾರದು. ಅದು ಕೆಲವು ಕಾಲ ಸಿಡುಕುತ್ತದೆ, ಬಾಗಿಲು ಹಾಕಿಕೊಳ್ಳುತ್ತದೆ.

ಹಾಗೆಯೇ ಚಹಾಕೂಟಕ್ಕೆ ಬಂದ ಊರಿನ ಸಂಭಾವಿತ ಸ್ತ್ರೀಯರು. ಆಫ್ರಿಕಾದ ಒಂದು ಬುಡಕಟ್ಟಿನ ದುಃಸ್ಥಿತಿಗಾಗಿ ಅವರು ಮರುಗುತ್ತಾರೆ, ಅಲ್ಲಿ ದುಡಿಯುವ ಪಾದ್ರಿಗಾಗಿ ಹಣ ಕೂಡಿಸುತ್ತಾರೆ. ಅದೇ ಉಸಿರಿನಲ್ಲಿ, ತೀರ್ಪಿನ ನಂತರ ತಮ್ಮ ಮನೆಯ ಕರಿಯ ಕೆಲಸದವಳು ಮುಖ ಸಿಂಡರಿಸಿಕೊಂಡಿದ್ದಾಳೆಂದು ದೂರುತ್ತಾರೆ. ಇವರು ಕಪಟಿಗಳೇ? ಹಾಗೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅವರು ನಿಜವಾಗಿಯೂ ತಮ್ಮನ್ನು ಒಳ್ಳೆಯವರೆಂದೇ ನಂಬಿದ್ದಾರೆ. ತಮಗೆ ಏನೂ ತಿಳಿಯದು, ತಮ್ಮದೇನೂ ತಪ್ಪಿಲ್ಲವೆಂಬ ಈ ನಂಬಿಕೆ ಕೂಡ ಒಂದು ಮುಗ್ಧತೆಯೇ. ಆರು ವರ್ಷದ ಮಗುವಿನಲ್ಲಿ ಅದು ಸಹಜ, ಐವತ್ತು ವರ್ಷದವರಲ್ಲಿ ಪ್ರಯತ್ನಪಟ್ಟು ಉಳಿಸಿಕೊಂಡದ್ದು. ಕರಿಯ ಸಾಹಿತಿ ಜೇಮ್ಸ್ ಬಾಲ್ಡ್ವಿನ್ ಅವರು 1963ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ತಮ್ಮ ಸಹೋದರನ ಹದಿಹರೆಯದ ಮಗನಿಗೆ ಬರೆದ ಪತ್ರವಿದೆ. ತನ್ನ ದೇಶದವರು ಅಸಂಖ್ಯ ಬದುಕುಗಳನ್ನು ಹಾಳುಗೆಡವಿಯೂ ಅದನ್ನು ಅರಿಯಲೊಲ್ಲದ ಆ ಮುಗ್ಧತೆಯೇ ಅವರ ಅಪರಾಧವೆಂಬುದು ಅದರ ತಿರುಳು. ಹಾರ್ಪರ್ ಲೀ ಕಥೆಯಲ್ಲಿ ಹೇಳಿದ್ದನ್ನು ಬಾಲ್ಡ್ವಿನ್ ನೇರವಾಗಿ ಹೇಳಿದರು. ಹೇಳುವ ಹಕ್ಕೂ ಅವರಿಗೆ ಹೆಚ್ಚಿತ್ತು.

ಈ ಕಥೆಯಲ್ಲಿ ಉತ್ಪ್ರೇಕ್ಷೆಯಿದೆಯೆಂದು ಯಾರಿಗಾದರೂ ಅನಿಸಿದರೆ ಇತಿಹಾಸವನ್ನು ನೋಡಲಿ. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಸರಕು ರೈಲಿನಿಂದ ಒಂಬತ್ತು ಮಂದಿ ಕರಿಯ ಹುಡುಗರನ್ನು ಇಳಿಸಿ ಬಂಧಿಸಲಾಯಿತು. ಅವರಲ್ಲಿ ಅತಿ ಕಿರಿಯವನು ಹದಿಮೂರರ ಆಸುಪಾಸಿನವನು. ಇಬ್ಬರು ಬಿಳಿಯ ಯುವತಿಯರು ಅತ್ಯಾಚಾರದ ಆರೋಪ ಮಾಡಿದರು. ಸ್ಕಾಟ್ಸ್‌ಬರೋ ಪಟ್ಟಣದಲ್ಲಿ ನಡೆದ ವಿಚಾರಣೆಯಲ್ಲಿ, ಬಂಧನವಾಗಿ ಸುಮಾರು ಎರಡೇ ವಾರಗಳಲ್ಲಿ ಎಂಟು ಮಂದಿಗೆ ಮರಣದಂಡನೆ ಘೋಷಣೆಯಾಯಿತು. ಆರೋಪಿಸಿದವರಲ್ಲಿ ಒಬ್ಬಳಾದ ರೂಬಿ ಬೇಟ್ಸ್ 1933ರಲ್ಲಿ ತಾನು ಹೇಳಿದ್ದು ಸುಳ್ಳೆಂದು ನ್ಯಾಯಾಲಯದಲ್ಲೇ ಒಪ್ಪಿಕೊಂಡಳು. ಆದರೂ ಜ್ಯೂರಿ ಅಪರಾಧಿಯೆಂದೇ ತೀರ್ಮಾನಿಸಿತು. ಆ ತೀರ್ಮಾನವನ್ನು ತಳ್ಳಿಹಾಕುವ ಧೈರ್ಯ ತೋರಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ತಮ್ಮ ಹುದ್ದೆಯನ್ನೇ ಕಳೆದುಕೊಂಡರು. ಸುಪ್ರೀಂ ಕೋರ್ಟು 1932ರಲ್ಲಿ ಒಮ್ಮೆ, 1935ರಲ್ಲಿ ಇನ್ನೊಮ್ಮೆ ಮಧ್ಯ ಪ್ರವೇಶಿಸಿತು. ಯಾರಿಗೂ ಮರಣದಂಡನೆ ಜಾರಿಯಾಗಲಿಲ್ಲ, ನಿಜ. ಆದರೆ ಅವರ ಯೌವನ ಸೆರೆಮನೆಯಲ್ಲಿ ಕರಗಿತು. ಕೊನೆಯ ಮೂವರಿಗೆ ಅಲಬಾಮಾ ಕ್ಷಮಾದಾನ ನೀಡಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಅವರಾರೂ ಬದುಕಿರಲಿಲ್ಲ.

1955ರ ಆಗಸ್ಟ್‌ನಲ್ಲಿ ಷಿಕಾಗೋದಿಂದ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ ಹದಿನಾಲ್ಕು ವರ್ಷದ ಎಮ್ಮೆಟ್ ಟಿಲ್‌ನನ್ನು, ಅಂಗಡಿಯಲ್ಲಿ ಬಿಳಿಯ ಮಹಿಳೆಯೊಂದಿಗೆ ಸಲುಗೆಯಿಂದ ವರ್ತಿಸಿದನೆಂದು ಹೇಳಿ, ರಾತ್ರಿ ಮನೆಯಿಂದ ಎಳೆದೊಯ್ದು ಕೊಂದು ನದಿಗೆಸೆದರು. ಬಿಳಿಯರಷ್ಟೇ ಇದ್ದ ಜ್ಯೂರಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಸಮಯದಲ್ಲಿ ಆರೋಪಿಗಳಿಬ್ಬರನ್ನೂ ಬಿಡುಗಡೆಗೊಳಿಸಿತು. ಮುಂದಿನ ವರ್ಷ ಅವರು ಪತ್ರಿಕೆಯೊಂದಕ್ಕೆ, ಹಣ ಪಡೆದು, ತಾವೇ ಕೊಂದದ್ದೆಂದು ಹೇಳಿಕೆ ಕೊಟ್ಟರು. ಹಾರ್ಪರ್ ಲೀ ತಮ್ಮ ಕಾದಂಬರಿಯನ್ನು ಬರೆದದ್ದು ಈ ವರ್ಷಗಳಲ್ಲಿ. ಮೂವತ್ತರ ದಶಕದ ಕಥೆಯೊಳಗೆ ಐವತ್ತರ ದಶಕದ ನೆತ್ತರು ಹರಿಯುತ್ತಿದೆ.

ಕಾದಂಬರಿಯ ದೋಷಗಳನ್ನೂ ಹೇಳಬೇಕು. ಇಲ್ಲಿನ ಕರಿಯರು ಬಹುತೇಕ ಮೌನಿಗಳು, ಕೃತಜ್ಞರು. ನ್ಯಾಯಕ್ಕಾಗಿ ಹೋರಾಡುವವನು ಬಿಳಿಯ ವಕೀಲ, ಸಾಯುವವನು ಕರಿಯ. ತಮ್ಮ ಹಕ್ಕಿಗಾಗಿ ತಾವೇ ಸಂಘಟಿತರಾಗಿ ಹೋರಾಡಿದ ಅಲಬಾಮಾದ ಕರಿಯರ ಸುಳಿವೂ ಈ ಪುಟಗಳಲ್ಲಿಲ್ಲವೆಂಬ ಟೀಕೆ ನ್ಯಾಯವಾದುದೇ. ತಮ್ಮ ಚರ್ಚಿಗೆ ಬಿಳಿಯ ಮಕ್ಕಳನ್ನು ಏಕೆ ಕರೆತಂದೆಯೆಂದು ಕ್ಯಾಲ್‌ಪರ್ನಿಯಾಳನ್ನು ಎದುರಿಸುವ ಲೂಲಾ ಎಂಬ ಹೆಂಗಸೊಬ್ಬಳಿದ್ದಾಳೆ. ಅವಳು ಒಂದೇ ಪುಟದಲ್ಲಿ ಬಂದು ಮರೆಯಾಗುತ್ತಾಳೆ. ಅವಳ ಕೋಪಕ್ಕೆ ಕಾರಣವೇನೆಂದು ಕಾದಂಬರಿ ವಿಚಾರಿಸಿದ್ದರೆ ಇದು ಇನ್ನೂ ದೊಡ್ಡ ಕೃತಿಯಾಗುತ್ತಿತ್ತು. ಆಟಿಕಸ್ ಕೂಡ ಲೋಪಗಳಿಲ್ಲದವನಲ್ಲ. ಕು ಕ್ಲಕ್ಸ್ ಕ್ಲಾನ್ ಎಂಬ ಹಂತಕರ ಕೂಟವು ಎಂದೋ ಇದ್ದ ಒಂದು ರಾಜಕೀಯ ಸಂಘಟನೆ, ಅದು ಮುಗಿದ ಕಥೆ ಎಂಬರ್ಥದಲ್ಲಿ ಆತ ಮಕ್ಕಳಿಗೆ ಹೇಳುತ್ತಾನೆ. ಮಿಸ್ ಗೇಟ್ಸ್‌ಗಿದ್ದ ಆ ಮುಗ್ಧತೆಯ ಒಂದು ಎಳೆ ಆತನಲ್ಲೂ ಇದೆ. ಇದಕ್ಕೂ ಮೊದಲೇ ಬರೆದಿದ್ದ 'ಗೋ ಸೆಟ್ ಎ ವಾಚ್‌ಮನ್' ಎಂಬ ಹಸ್ತಪ್ರತಿ 2015ರಲ್ಲಿ ಪ್ರಕಟವಾದಾಗ ಅನೇಕ ಓದುಗರು ಆಘಾತಗೊಂಡರು. ಅದರಲ್ಲಿ ವೃದ್ಧ ಆಟಿಕಸ್ ವರ್ಣಭೇದವನ್ನು ಸಮರ್ಥಿಸುವವರ ಸಭೆಯಲ್ಲಿ ಕುಳಿತಿದ್ದಾನೆ. ದೊಡ್ಡವಳಾದ ಮಗಳು ಅದನ್ನು ಕಾಣುತ್ತಾಳೆ. ಮಗುವಿನ ಕಣ್ಣಿಗೆ ತಂದೆ ಎಷ್ಟು ಎತ್ತರವಾಗಿ ಕಾಣುತ್ತಾನೆಂಬುದು ಎರಡೂ ಪುಸ್ತಕಗಳನ್ನು ಓದಿದವರಿಗೆ ತಿಳಿಯುತ್ತದೆ.

ಮೊದಲ ಕಾದಂಬರಿಯನ್ನು ಮಕ್ಕಳಿಂದ ದೂರವಿಡುವ ಪ್ರಯತ್ನಗಳು ಅಂದಿನಿಂದಲೂ ನಡೆದಿವೆ. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಿಕ್ಷಣ ಸಮಿತಿ ಇದನ್ನು ಅನೈತಿಕ ಪುಸ್ತಕವೆಂದು ಕರೆದಾಗ, ಲೇಖಕಿ ರಿಚ್‌ಮಂಡ್‌ನ ಪತ್ರಿಕೆಯೊಂದಕ್ಕೆ ಪತ್ರ ಬರೆದು ಅಲ್ಪ ಮೊತ್ತವನ್ನೂ ಕಳುಹಿಸಿದರು: ಆ ಸಮಿತಿಯನ್ನು ಒಂದನೆಯ ತರಗತಿಗೆ ಸೇರಿಸಲು ಈ ಹಣ ಬಳಕೆಯಾಗಲಿ ಎಂದು. ಇತ್ತೀಚಿನ ಆಕ್ಷೇಪಗಳು ಬೇರೆ ಬಗೆಯವು. ಕರಿಯರನ್ನು ಹೀನಾಯಗೊಳಿಸುವ ಪದವೊಂದು ಪುಸ್ತಕದುದ್ದಕ್ಕೂ ಬರುತ್ತದೆ. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದುವಾಗ ಅಲ್ಲಿ ಕುಳಿತ ಕರಿಯ ಮಗುವಿನ ಮುಖವನ್ನು ನೋಡಿದ್ದೀರಾ ಎಂದು ಅದರ ಹೆತ್ತವರು ಕೇಳಿದರೆ, ಆ ಪ್ರಶ್ನೆಯನ್ನು ನಾವು ಹ್ಯಾನೋವರ್‌ನ ಸಮಿತಿಯ ಮಾತಿನೊಂದಿಗೆ ಸೇರಿಸಿ ತಳ್ಳಿಹಾಕಲಾರೆವು.

ಮನ್ರೋವಿಲ್‌ನ ಹಳೆಯ ನ್ಯಾಯಾಲಯ ಈಗ ವಸ್ತುಸಂಗ್ರಹಾಲಯವಾಗಿದೆ. ಚಲನಚಿತ್ರದ ನ್ಯಾಯಾಲಯವನ್ನು ಅದರ ಮಾದರಿಯಲ್ಲೇ ನಿರ್ಮಿಸಲಾಗಿತ್ತು. ಕಾದಂಬರಿಯ ಅಭಿಮಾನಿಗಳು ದೂರದೂರದಿಂದ ಬಂದು ಆ ಕಟ್ಟಡವನ್ನು ನೋಡುತ್ತಾರೆ. ಅದೇ ಊರಿನಲ್ಲಿ 1986ರಲ್ಲಿ ಬಿಳಿಯ ಯುವತಿಯೊಬ್ಬಳ ಕೊಲೆಯಾಯಿತು. ಮರುವರ್ಷ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕರಿಯ ಕಾರ್ಮಿಕನನ್ನು ಬಂಧಿಸಿದರು. ಕೊಲೆಯ ಹೊತ್ತಿಗೆ ಅವನು ತನ್ನ ಮನೆಯ ಬಳಿ, ಚರ್ಚಿನ ಸಹಾಯಾರ್ಥ ಮೀನು ಕರಿದು ಮಾರುತ್ತಿದ್ದವರ ನಡುವೆಯಿದ್ದನೆಂದು ಹೇಳಬಲ್ಲ ಹಲವಾರು ಮಂದಿಯಿದ್ದರು, ಅವರಲ್ಲಿ ಬಹುತೇಕರು ಕರಿಯರು. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ವಿಭಾಗಕ್ಕೆ ಹಾಕಲಾಯಿತು. ವಿಚಾರಣೆ ಎರಡು ದಿನವೂ ನಡೆಯಲಿಲ್ಲ. ಜ್ಯೂರಿ ಜೀವಾವಧಿ ಶಿಕ್ಷೆಗೆ ಶಿಫಾರಸು ಮಾಡಿದರೂ ನ್ಯಾಯಾಧೀಶರು ಅದನ್ನು ಮೀರಿ ಮರಣದಂಡನೆ ವಿಧಿಸಿದರು. ವಕೀಲ ಬ್ರಯಾನ್ ಸ್ಟೀವನ್ಸನ್ ಅವರ ಹೋರಾಟದಿಂದ, ಸಾಕ್ಷಿ ಸುಳ್ಳೆಂಬುದು ಬಯಲಾಗಿ 1993ರಲ್ಲಿ ಅವನು ಹೊರಬಂದನು. ಈ ಪ್ರಕರಣಕ್ಕಾಗಿ ಆ ಊರಿಗೆ ಹೋದಾಗ, ಹಾರ್ಪರ್ಲೀ ಅವರ ಕಾದಂಬರಿಯ ಬಗ್ಗೆ ಅಲ್ಲಿನವರು ತನ್ನೊಂದಿಗೆ ಎಷ್ಟು ಅಭಿಮಾನದಿಂದ ಮಾತನಾಡಿದರೆಂಬುದನ್ನು ಸ್ಟೀವನ್ಸನ್ 2014ರ ತಮ್ಮ 'ಜಸ್ಟ್ ಮರ್ಸಿ' ಪುಸ್ತಕದಲ್ಲಿ ದಾಖಲಿಸಿದ್ದಾರೆ.

ನಿಮ್ಮಲ್ಲಿ ಯಾರಾದರೂ ಈ ಕಾದಂಬರಿಯನ್ನು ಮಕ್ಕಳೊಂದಿಗೆ ಓದುವಿರಾದರೆ, ಇಪ್ಪತ್ತೈದನೆಯ ಅಧ್ಯಾಯದಲ್ಲಿ ಸ್ವಲ್ಪ ನಿಧಾನಿಸಿರಿ. ಟಾಮ್ ಸತ್ತ ಸುದ್ದಿಯನ್ನು ತಿಳಿಸಲು ಆಟಿಕಸ್ ಅವನ ಗುಡಿಸಲಿಗೆ ಹೋಗುತ್ತಾನೆ. ಅಂಗಳದಲ್ಲಿ ಮಕ್ಕಳು ಗೋಲಿಯಾಡುತ್ತಿದ್ದಾರೆ. ಅವರಲ್ಲೊಬ್ಬ ಟಾಮ್‌ನ ಮಗ ಸ್ಯಾಮ್. ತಾಯಿಯನ್ನು ಕರೆತರಲು ಆ ಹುಡುಗ ಓಡುತ್ತಾನೆ. ಬಾಗಿಲಿಗೆ ಬಂದ ಅವನ ಪುಟ್ಟ ತಂಗಿಗೆ ಏನೂ ತಿಳಿಯದು. ಅವಳು ನಗುತ್ತಲೇ ಆಟಿಕಸ್‌ನ ಬೆರಳು ಹಿಡಿದು ಮೆಟ್ಟಿಲಿಳಿಯುತ್ತಾಳೆ. ಸ್ಕೌಟ್‌ಳಿಗೆ ಅರಿವು ಮೂಡಲು ಮೂರು ವರ್ಷ, ಮೂವತ್ತೊಂದು ಅಧ್ಯಾಯಗಳು ಬೇಕಾದವು. ಸ್ಯಾಮ್‌ಗೆ ಲೇಖಕಿ ಕೊಟ್ಟದ್ದು ಕೆಲವೇ ಸಾಲುಗಳು. ಆಮೇಲೆ ಅವನು ಕಥೆಯಲ್ಲಿ ಕಾಣಿಸುವುದಿಲ್ಲ.

ಟಾಮ್‌ಗೆ ಆಗ ಇಪ್ಪತ್ತೈದು ವರ್ಷ. ಆದುದರಿಂದ ಅವನ ಮಗನಿಗೆ ಸ್ಕೌಟ್‌ಗಿಂತ ಹೆಚ್ಚಿನ ವಯಸ್ಸಾಗಿರಲಾರದು. 1955ರ ಡಿಸೆಂಬರ್‌ನಲ್ಲಿ ಅದೇ ಅಲಬಾಮಾದ ರಾಜಧಾನಿ ಮಾಂಟ್‌ಗೋಮರಿಯಲ್ಲಿ ಕರಿಯರು ಬಸ್ಸು ಹತ್ತುವುದನ್ನು ಬಿಟ್ಟು, 381 ದಿನಗಳ ಕಾಲ ನಡೆದೇ ಕೆಲಸಕ್ಕೆ ಹೋದರು. ಅಷ್ಟು ಹೊತ್ತಿಗೆ ಸ್ಯಾಮ್ ರಾಬಿನ್ಸನ್ ಇಪ್ಪತ್ತೈದರ ಆಸುಪಾಸಿನ ಯುವಕ. ತಂದೆ ಸತ್ತ ವಯಸ್ಸಿನವನು.